ಹಿಮದ ಊರಿನ ಬಿಸಿನೀರು: ನೊಜಾವಾ ಒನ್ಸೆನ್‌ನಲ್ಲಿ ಸ್ಕೀ, ಸ್ನಾನ ಮತ್ತು ಆರು ಗಂಟೆಯ ಊಟ

ಜಪಾನಿನ ಸಾಂಪ್ರದಾಯಿಕ ವಸತಿಗೃಹಕ್ಕೆ ರಿಯೋಕಾನ್ ಎನ್ನುತ್ತಾರೆ. ಅದನ್ನು ಕಾಯ್ದಿರಿಸುವವರು ಸಾಮಾನ್ಯವಾಗಿ ಕೋಣೆಯ ಚಿತ್ರ ನೋಡಿ ದುಡ್ಡು ಕಟ್ಟುತ್ತಾರೆ. ಮೊದಲು ನೋಡಬೇಕಾದ್ದು ವೇಳಾಪಟ್ಟಿ. ಮಧ್ಯಾಹ್ನ ಮೂರಕ್ಕೆ ಕೋಣೆ ಸಿಗುತ್ತದೆ, ಸಂಜೆ ಆರು ಅಥವಾ ಆರೂವರೆಗೆ ಊಟ, ಬೆಳಿಗ್ಗೆ ಏಳೂವರೆಯ ಆಸುಪಾಸು ತಿಂಡಿ, ಹೊರಡುವ ದಿನ ಹತ್ತಕ್ಕೆ ಕೋಣೆ ಖಾಲಿ. ಸ್ಕೀ ಲಿಫ್ಟುಗಳು ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಶುರುವಾಗಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಬಂದ್. ಕೊನೆಯ ಲಿಫ್ಟಿಗೂ ಊಟದ ಮೊದಲ ತಟ್ಟೆಗೂ ನಡುವೆ ಉಳಿಯುವುದು ಒಂದೂವರೆ ಗಂಟೆ. ಅಷ್ಟರೊಳಗೆ ಇಳಿದು ಬಂದು, ಬೂಟು ಬಿಚ್ಚಿ, ಒದ್ದೆ ಬಟ್ಟೆ ಹರವಿ, ಮಿಂದು, ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಟ್ಟು ಕೂರಬೇಕು. ಬೇರೆ ದೇಶಗಳ ಸ್ಕೀ ಹೋಟೆಲುಗಳು ನಿಮ್ಮ ದಿನಚರಿಗೆ ಬಗ್ಗುತ್ತವೆ. ಇಲ್ಲಿ ನೀವೇ ಬಗ್ಗಬೇಕು. ಊಟದಿಂದ ಹಿಂದಕ್ಕೆ ಲೆಕ್ಕ ಹಾಕಿ ಸ್ಕೀ ಮುಗಿಸುವವರಿಗೆ ಇದಕ್ಕಿಂತ ಸುಖದ ಚಳಿಗಾಲದ ವಾಸ ಸಿಗುವುದು ಕಷ್ಟ. ಉಳಿದವರು ದುಡ್ಡೂ ಕೊಟ್ಟು ದಿನವಿಡೀ ಓಡುತ್ತಲೇ ಇರುತ್ತಾರೆ.

ಮಾತು ಹರಡಿಹೋಗದಿರಲಿ ಎಂದು ಒಂದೇ ಊರನ್ನು ಇಟ್ಟುಕೊಳ್ಳೋಣ: ನಗಾನೊ ಪ್ರಾಂತ್ಯದ ಉತ್ತರ ತುದಿಯಲ್ಲಿರುವ ನೊಜಾವಾ ಒನ್ಸೆನ್. ಒನ್ಸೆನ್ ಎಂದರೆ ಬಿಸಿನೀರಿನ ಬುಗ್ಗೆ. ಸೈಬೀರಿಯದಿಂದ ಬೀಸುವ ಒಣ ಚಳಿಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ತೇವ ಹೀರಿಕೊಂಡು ಬಂದು, ಈ ಬೆಟ್ಟಸಾಲಿಗೆ ಬಡಿದು ಮೇಲೇರಿ, ಹಿಮವಾಗಿ ಸುರಿಯುತ್ತದೆ. ಸ್ಕೀ ಇಳಿಜಾರು ಕೆನಾಶಿ ಬೆಟ್ಟದ 1,650 ಮೀಟರ್ ಎತ್ತರದಿಂದ ಊರಂಚಿನ 565 ಮೀಟರ್‌ವರೆಗೆ ಇಳಿಯುತ್ತದೆ. ಈ ಊರಿನಲ್ಲಿ ಸ್ನಾನ ಹಳೆಯದು, ಸ್ಕೀ ಹೊಸದು. ಆಸ್ಟ್ರಿಯಾ-ಹಂಗೇರಿಯ ಸೇನಾಧಿಕಾರಿ ಥಿಯೊಡೋರ್ ಫಾನ್ ಲೆರ್ಖ್ ಇಲ್ಲಿಗೆ ದೂರವಲ್ಲದ ತಕಾದಾದಲ್ಲಿ ಜಪಾನಿ ಸೈನಿಕರಿಗೆ ಸ್ಕೀ ಕಲಿಸಿದ್ದು 1911ರಲ್ಲಿ. ನೊಜಾವಾದವರು ತಮ್ಮ ಸ್ಕೀ ಕ್ಲಬ್ ಕಟ್ಟಿದ್ದು 1923ರಲ್ಲಿ; 1930ರಲ್ಲಿ ಆಸ್ಟ್ರಿಯಾದ ಸ್ಕೀ ಗುರು ಹಾನೆಸ್ ಶ್ನೈಡರ್ ಬಂದುಹೋದ ನೆನಪಿಗೆ ಕಡಿದಾದ ಒಂದು ಇಳಿಜಾರಿಗೆ ಇಂದಿಗೂ ಅವನ ಹೆಸರಿದೆ. 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ನ ಬಯಾಥ್ಲಾನ್, ಅಂದರೆ ಸ್ಕೀ ಮಾಡುತ್ತಾ ಗುರಿಗೆ ಗುಂಡು ಹಾರಿಸುವ, ಸ್ಪರ್ಧೆಗಳೂ ಇಲ್ಲೇ ನಡೆದವು. ಆದರೂ ಊರಿನ ನಡುವೆ ಇರುವುದು ಲಿಫ್ಟಲ್ಲ, ಸ್ನಾನದ ಮನೆ. ಲಿಫ್ಟಿಗೆ ಮೇಲಕ್ಕೆ ನಡೆದು ಹೋಗಬೇಕು. ಹಿಕಾಗೆ ಎಂಬ ಇಳಿಜಾರಿನ ಕಡೆಗೆ ಹೋಗುವವರಿಗಾಗಿ ಮಾಡು ಹೊದಿಸಿದ, ತಾನೇ ಚಲಿಸುವ ಏರುಹಾದಿಯೊಂದಿದೆ. ಸ್ಕೀ ಬೂಟು ಹಾಕಿಕೊಂಡು ಹಿಮದ ಏರು ಹತ್ತಿದವರಿಗೆ ಅದರ ಬೆಲೆ ಗೊತ್ತು.

ಟೋಕಿಯೊದಿಂದ ಹೊಕುರಿಕು ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಹಿಡಿದರೆ ಈಯಾಮಾ ನಿಲ್ದಾಣ ಎರಡು ಗಂಟೆಯೊಳಗಿನ ಹಾದಿ, ಅಲ್ಲಿಂದ ಬಸ್ಸಿನಲ್ಲಿ ಸುಮಾರು 25 ನಿಮಿಷ. ಕಗಯಾಕಿ ಹೆಸರಿನ ವೇಗದ ರೈಲು ಈಯಾಮಾದಲ್ಲಿ ನಿಲ್ಲುವುದಿಲ್ಲ, ಹಕುತಾಕಾ ಹತ್ತಬೇಕು. ಹಕುತಾಕಾಗಳಲ್ಲೂ ಒಂದೆರಡು ನಿಲ್ಲದೆ ಓಡುವುದರಿಂದ ಪಟ್ಟಿ ನೋಡಿಯೇ ಟಿಕೆಟ್ ತೆಗೆಸಿ. ಮೂರು ಗಂಟೆಗೆ ಮೊದಲೇ ತಲುಪಿದರೂ ನಷ್ಟವಿಲ್ಲ. ಸಾಮಾನು ಇಟ್ಟುಕೊಳ್ಳುತ್ತಾರೆ, ಕೋಣೆ ಮಾತ್ರ ಮೂರಕ್ಕೇ. ಸ್ವಂತ ಸ್ಕೀ ಇದ್ದರೆ ವಿಮಾನ ನಿಲ್ದಾಣದಿಂದಲೇ ತಕ್ಯೂಬಿನ್ ಎಂಬ ಸಾಮಾನು ಸಾಗಣೆ ಸೇವೆಯಲ್ಲಿ ಕಳಿಸಿಬಿಡುವುದು ಜಾಣತನ. ಮಾಮೂಲಿಗೆ ಮರುದಿನ ಬರುತ್ತದೆ, ಜೋರು ಹಿಮ ಬಿದ್ದರೆ ಇನ್ನೊಂದು ದಿನ ಹಿಡಿಯುತ್ತದೆ. ಹಾಗಾಗಿ ಒಂದು ಜೊತೆ ಒಳಉಡುಪು, ಔಷಧಿ, ಕೈಗವಸು ಕೈಚೀಲದಲ್ಲೇ ಇರಲಿ.

ನಮ್ಮವರು ಎಡವುವ ಮೊದಲ ಜಾಗ ದರ. ಕೋಣೆಗೆ ಇಷ್ಟು ಎಂದಲ್ಲ, ತಲೆಗೆ ಇಷ್ಟು ಎಂಬುದು ರಿಯೋಕಾನ್ ಲೆಕ್ಕ. ಸಾಮಾನ್ಯವಾಗಿ ಅದರೊಳಗೆ ರಾತ್ರಿಯೂಟ, ತಿಂಡಿ ಎರಡೂ ಸೇರಿರುತ್ತವೆ. ನಾಲ್ವರು ಒಂದೇ ಕೋಣೆಯಲ್ಲಿ ಮಲಗಿದ ಮಾತ್ರಕ್ಕೆ ಖರ್ಚು ನಾಲ್ಕರಲ್ಲೊಂದು ಆಗುವುದಿಲ್ಲ. ಒಬ್ಬರೇ ಹೋದರೆ ಹೆಚ್ಚು ಕೊಡಬೇಕಾಗಬಹುದು, ಕೆಲವು ಕಡೆ ಒಬ್ಬರಿಗೆ ಕೋಣೆಯನ್ನೇ ಕೊಡುವುದಿಲ್ಲ. ಮಕ್ಕಳಿಗೆ ವಯಸ್ಸಿನ ಮೇಲೆ, ಅವರಿಗೆ ಹಾಸಿಗೆ ಬೇಕೇ ಊಟ ಬೇಕೇ ಎಂಬುದರ ಮೇಲೆ ಬೇರೆ ದರ. ಬಿಲ್ಲಿನಲ್ಲಿ ಕೊನೆಗೆ ಸ್ನಾನ ತೆರಿಗೆ ಎಂದು ತಲೆಗೆ ದಿನಕ್ಕೆ 150 ಯೆನ್ ಕಂಡರೆ ಗಾಬರಿ ಬೇಡ, ಬಿಸಿನೀರಿನ ಊರುಗಳಲ್ಲಿ ಅದು ಮಾಮೂಲಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಸಣ್ಣ ಮನೆಗಳಲ್ಲಿ ಕಾರ್ಡ್ ನಡೆಯದಿರಬಹುದು, ನಗದು ಇಟ್ಟುಕೊಳ್ಳಿ.

ರಿಯೋಕಾನ್‌ಗಿಂತ ಸರಳವಾದದ್ದು ಮಿನ್ಶುಕು, ಮನೆಯವರೇ ನಡೆಸುವ ವಸತಿ. ಹಾಸಿಗೆ ನೀವೇ ಹಾಸಿಕೊಳ್ಳಬೇಕು, ಶೌಚಾಲಯ ಹಜಾರದ ತುದಿಯಲ್ಲಿ ಇರಬಹುದು. ಆರು ರಾತ್ರಿಯ ಸ್ಕೀ ಪ್ರವಾಸಕ್ಕೆ ಆರೂ ರಾತ್ರಿ ದೊಡ್ಡ ರಿಯೋಕಾನ್ ಹಿಡಿಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಎಂಟೊಂಬತ್ತು ಬಗೆಯ ರಾತ್ರಿಯೂಟ ಮೂರನೆಯ ದಿನಕ್ಕೆ ಭಾರ ಎನಿಸುತ್ತದೆ, ಬಗೆಗಳೂ ಮರುಕಳಿಸತೊಡಗುತ್ತವೆ. ಎರಡು ರಾತ್ರಿ ಪೂರ್ಣ ಊಟದ ರಿಯೋಕಾನ್, ಉಳಿದದ್ದು ತಿಂಡಿ ಮಾತ್ರ ಇರುವ ಅಥವಾ ಸುದೋಮಾರಿ, ಅಂದರೆ ಊಟವಿಲ್ಲದ, ಮಿನ್ಶುಕು. ಎರಡು ರಾತ್ರಿಯ ಭಾಗವನ್ನು ಪ್ರವಾಸದ ಕೊನೆಗೆ ಇಡಿ. ಕಾಲು ಸೋತು, ಮೂರು ಗಂಟೆಗೇ ಇಳಿದು ಬರುವ ಮನಸ್ಸಾಗುವುದು ಆಗಲೇ.

ಬಾಗಿಲಲ್ಲಿ ಶೂ ಬಿಡುವ ತಗ್ಗಿನ ನೆಲ, ಅದರಾಚೆ ಒಂದು ಮೆಟ್ಟಿಲು. ಚಪ್ಪಲಿ ಹೊರಗೆ ಬಿಟ್ಟು ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಇಲ್ಲಿ ಒಳಗೂ ಎರಡು ಗಡಿಗಳಿವೆ. ಹಜಾರಕ್ಕೆ ಕೊಟ್ಟ ಸ್ಲಿಪ್ಪರನ್ನು ತತಾಮಿ ಚಾಪೆಯ ಕೋಣೆಯ ಹೊಸ್ತಿಲಲ್ಲಿ ಬಿಡಬೇಕು. ಶೌಚಾಲಯದೊಳಗೆ ಬೇರೆ ಸ್ಲಿಪ್ಪರ್. ಅದನ್ನು ಹಾಕಿಕೊಂಡೇ ಹಜಾರಕ್ಕೆ ಬರುವುದು ಎಲ್ಲ ವಿದೇಶಿಯರೂ ಮಾಡುವ ತಪ್ಪು. ಸ್ಕೀ, ಕೋಲು, ಬೂಟು ಯಾವುದೂ ಒಳಗೆ ಬರುವಂತಿಲ್ಲ. ಅವಕ್ಕೆ ಬಾಗಿಲ ಪಕ್ಕದಲ್ಲೋ ನೆಲಮಾಳಿಗೆಯಲ್ಲೋ ಒಣಗಿಸುವ ಕೋಣೆ ಇರುತ್ತದೆ. ಅಲ್ಲಿ ಬೂಟಿನ ಬಕಲ್‌ಗಳನ್ನು ಪೂರ್ತಿ ಬಿಡಿಸಿ, ಸಾಧ್ಯವಾದರೆ ಒಳಪದರವನ್ನು ಹೊರತೆಗೆದು ಬೇರೆಯಾಗಿ ಇಡಿ. ಒಳಪದರದ ಬೆರಳಿನ ತುದಿಯಲ್ಲಿ ಬೆವರು ನಿಂತರೆ ಮರುದಿನ ಕಾಲು ಮರಗಟ್ಟುವುದು ಅಲ್ಲಿಂದಲೇ. ಪ್ಲಾಸ್ಟಿಕ್ ಹೊರಕವಚವನ್ನು ಹೀಟರಿನ ಮೂತಿಗೆ ಹಿಡಿಯಬೇಡಿ, ಆಕಾರ ಕೆಡುತ್ತದೆ. ಕೈಗವಸು, ಜಾಕೆಟ್ ಕೂಡ ಅಲ್ಲೇ ಒಣಗಲಿ. ತತಾಮಿ ಹುಲ್ಲಿನ ಚಾಪೆ. ನೀರು ಇಳಿದರೆ ಕಲೆ, ಆಮೇಲೆ ಬೂಷ್ಟು. ಚಕ್ರದ ಸೂಟ್‌ಕೇಸನ್ನು ಅದರ ಮೇಲೆ ಉರುಳಿಸಬಾರದು, ಎತ್ತಿ ಇಡಬೇಕು. ಗೋಡೆಯಲ್ಲಿ ಒಂದು ಚಿತ್ರಸುರುಳಿ, ಹೂವು ಇಟ್ಟ ಗೂಡು ಕಾಣುತ್ತದಲ್ಲ, ತೊಕೊನೊಮಾ, ಅದು ಸಾಮಾನಿಡುವ ಜಾಗವಲ್ಲ.

ಕೋಣೆ ಬೆಚ್ಚಗೆ, ಹಜಾರ ಥಂಡಿ. ಹಳೆಯ ಮರದ ಮನೆಗಳಲ್ಲಿ ಇಡೀ ಕಟ್ಟಡವನ್ನು ಕಾಯಿಸುವ ರೂಢಿ ಕಡಿಮೆ. ಕೋಣೆಯಲ್ಲಿರುವುದು ಸೀಮೆಎಣ್ಣೆಯ ಫ್ಯಾನ್ ಹೀಟರ್ ಆಗಿದ್ದರೆ ಗಂಟೆಗೊಮ್ಮೆ ಒಂದೆರಡು ನಿಮಿಷ ಕಿಟಕಿ ತೆರೆಯಬೇಕು, ಮಲಗುವಾಗ ಆರಿಸಬೇಕು. ಹೊತ್ತಿಸಿ ಮೂರು ಗಂಟೆಯಾದರೆ ಬಹುತೇಕ ಹೀಟರುಗಳು ತಾವೇ ಆರಿಹೋಗುತ್ತವೆ. ಕೆಟ್ಟುಹೋಗಿದೆ ಎಂದು ಕೆಳಗಿನವರನ್ನು ಕರೆಯುವ ಮೊದಲು ಗುಂಡಿಯನ್ನು ಇನ್ನೊಮ್ಮೆ ಒತ್ತಿ ನೋಡಿ. ಯುಕಾತಾ ಉಡುವಾಗ ಎಡಗಡೆಯ ಅಂಚು ಬಲಗಡೆಯದರ ಮೇಲೆ ಬರಬೇಕು. ತಿರುಗುಮುರುಗಾಗಿ ಉಡಿಸುವುದು ಹೆಣಕ್ಕೆ. ಮೇಲೆ ಹಾಕಿಕೊಳ್ಳಲು ದಪ್ಪ ಅಂಗಿ ಕೊಟ್ಟಿರುತ್ತಾರೆ. ಊಟದ ಮನೆಗೂ ಬೀದಿಯ ಸ್ನಾನದ ಮನೆಗೂ ಈ ವೇಷದಲ್ಲೇ ಹೋಗಬಹುದು, ಯಾರೂ ತಿರುಗಿ ನೋಡುವುದಿಲ್ಲ.

ಇನ್ನು ಸ್ನಾನ. 1948ರ ಜಪಾನಿ ಕಾನೂನಿನ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲಿದ್ದರೆ, ಇಲ್ಲವೇ ಗೊತ್ತುಪಡಿಸಿದ ಖನಿಜಗಳಲ್ಲಿ ಒಂದಾದರೂ ಸಾಕಷ್ಟಿದ್ದರೆ ಅದು ಒನ್ಸೆನ್. ಹಾಗಾಗಿ ಒನ್ಸೆನ್ ಎಂಬ ಬೋರ್ಡಷ್ಟೇ ಸಾಲದು, ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲಿನ ವಿಶ್ಲೇಷಣಾ ಪತ್ರ ನೋಡಬೇಕು. ಬುಗ್ಗೆಯ ಉಷ್ಣತೆ, ಪಿಎಚ್, ನೀರಿನ ಬಗೆ ಅದರಲ್ಲಿರುತ್ತವೆ. ನೊಜಾವಾದ್ದು ಗಂಧಕದ ನೀರು, ಸ್ವಲ್ಪ ಕ್ಷಾರೀಯ. ಬುಗ್ಗೆಯಿಂದ ಬಂದದ್ದು ತೊಟ್ಟಿ ತುಂಬಿ ಹೊರಗೆ ಹರಿದುಹೋಗುತ್ತದೆ, ತಿರುಗಿ ಬಳಸುವುದಿಲ್ಲ. ಓಗಾಮಾ ಎಂಬ ಬುಗ್ಗೆಯಲ್ಲಿ ನೀರು 90 ಡಿಗ್ರಿಯ ಆಸುಪಾಸು ಕುದಿಯುತ್ತದೆ, ಊರವರು ಅದರಲ್ಲಿ ಸೊಪ್ಪು, ಮೊಟ್ಟೆ ಬೇಯಿಸುತ್ತಾರೆ. ಪ್ರವಾಸಿಗರಿಗೆ ಬೇಲಿಯ ಹೊರಗಿಂದ ನೋಟ ಮಾತ್ರ.

ಬೇರೆ ಸ್ಕೀ ಊರುಗಳಲ್ಲಿ ಕಾಣದ ವ್ಯವಸ್ಥೆ ಇಲ್ಲಿಯದು. ಬೀದಿಬೀದಿಯಲ್ಲಿ ಹದಿಮೂರು ಸಾರ್ವಜನಿಕ ಸ್ನಾನದ ಮನೆಗಳು, ಎಲ್ಲವೂ ಉಚಿತ. ಓಯು ಎಲ್ಲಕ್ಕಿಂತ ಹೆಸರುವಾಸಿ. ಗಾಯಗೊಂಡ ಕರಡಿ ತೋರಿಸಿದ ನೀರೆಂಬ ಕಥೆಯಿಂದ ಹೆಸರು ಪಡೆದ ಕುಮಾನೊತೆಆರಾಯು, ಅಗಲವಾದ ನಕಾವೊ ಹೀಗೆ ಒಂದೊಂದಕ್ಕೂ ತನ್ನ ಗುಣ. ನಡೆಸುವುದು ಸರ್ಕಾರವೂ ಅಲ್ಲ, ಹೋಟೆಲೂ ಅಲ್ಲ. ಆಯಾ ಬೀದಿಯ ಮನೆಗಳು ಸೇರಿದ ಯುನಕಾಮಾ ಎಂಬ ಕೂಟ. ಅವರೇ ಸರದಿಯಂತೆ ತೊಳೆಯುತ್ತಾರೆ, ಕರೆಂಟ್ ಬಿಲ್ ಹಂಚಿಕೊಳ್ಳುತ್ತಾರೆ. ಬಾಗಿಲ ಬಳಿಯ ಪೆಟ್ಟಿಗೆಗೆ ನೂರು ಯೆನ್ ಹಾಕಿ ಒಳಗೆ ಹೋಗುವುದು ಮರ್ಯಾದೆ. ಶವರ್ ಇರುವುದಿಲ್ಲ, ಬಟ್ಟೆ ಇಡಲು ಮರದ ಗೂಡುಗಳಷ್ಟೇ. ಪಾಸ್‌ಪೋರ್ಟು, ದುಡ್ಡು ವಸತಿಯಲ್ಲೇ ಬಿಟ್ಟು ಬನ್ನಿ.

ನಾಚಿಕೆಯ ವಿಷಯ ನೇರವಾಗಿ ಹೇಳಿಬಿಡುವುದೇ ಒಳ್ಳೆಯದು: ಪೂರ್ತಿ ಬಟ್ಟೆ ಬಿಚ್ಚಬೇಕು, ಈಜುಡುಗೆ ನಡೆಯದು. ಗಂಡಸರಿಗೂ ಹೆಂಗಸರಿಗೂ ಬೇರೆ ಕೋಣೆ. ರಿಯೋಕಾನ್‌ನೊಳಗಿನ ಸ್ನಾನದ ಮನೆಗಳನ್ನು ರಾತ್ರಿ ಬೆಳಗಿನ ನಡುವೆ ಅದಲುಬದಲು ಮಾಡುವುದುಂಟು. ನಿನ್ನೆ ಹೋದ ಬಾಗಿಲು ಎಂದು ನುಗ್ಗದೆ, ಪರದೆಯ ಮೇಲೆ ಗಂಡಸರಿಗೆ 男, ಹೆಂಗಸರಿಗೆ 女 ಇದೆಯೇ ಎಂದು ಪ್ರತಿ ಸಲವೂ ನೋಡಿ. ಎಲ್ಲರೆದುರು ಮೀಯಲು ಮನಸ್ಸಿಲ್ಲದವರು, ಮಕ್ಕಳಿರುವವರು, ಮುಟ್ಟಿನ ದಿನಗಳಲ್ಲಿ ಇರುವವರು ಕಾಶಿಕಿರಿ ಕೇಳಬಹುದು. ಮುಕ್ಕಾಲು ಗಂಟೆಯಷ್ಟು ಹೊತ್ತು ನಿಮಗೊಬ್ಬರಿಗೇ ಬಿಟ್ಟುಕೊಡುವ ಸ್ನಾನದ ಕೋಣೆ. ಕೋಣೆ ಕಾಯ್ದಿರಿಸುವಾಗಲೇ ಅದು ಇದೆಯೇ ಎಂದು ವಿಚಾರಿಸಿ. ಹಚ್ಚೆಗೆ ಕೆಲವು ರಿಯೋಕಾನ್‌ಗಳು ತಕರಾರು ತೆಗೆಯುತ್ತವೆ. ಮದುವೆ ಮುಗಿಸಿ ನೇರ ಬಂದ ಹೊಸ ಜೋಡಿಯ ಕೈಯ ಮೆಹೆಂದಿಯನ್ನೂ ಹಚ್ಚೆ ಎಂದುಕೊಳ್ಳಬಹುದು, ಅದು ತಾನೇ ಅಳಿಯುವ ಬಣ್ಣ ಎಂದು ಮೊದಲೇ ತಿಳಿಸಿ.

ಇಳಿಯುವ ಕ್ರಮ ಹೀಗೆ. ಸಣ್ಣ ಟವೆಲ್ ಮಾತ್ರ ಹಿಡಿದು ಒಳಗೆ ಬನ್ನಿ. ಗಿಡ್ಡ ಮಣೆಯ ಮೇಲೆ ಕೂತು, ಸೋಪು ಹಚ್ಚಿ ಪೂರ್ತಿ ತೊಳೆದು, ನೊರೆ ಒಂದಿಷ್ಟೂ ಉಳಿಯದಂತೆ ಸುರಿದುಕೊಳ್ಳಿ. ನಿಂತು ಸುರಿದುಕೊಂಡರೆ ಪಕ್ಕದವರಿಗೆ ಸಿಡಿಯುತ್ತದೆ. ಆಮೇಲೆ ತೊಟ್ಟಿಯ ನೀರನ್ನೇ ಬೋಗುಣಿಯಲ್ಲಿ ತೆಗೆದು ಪಾದ, ಮೊಣಕಾಲು, ಸೊಂಟ, ಭುಜ ಎಂಬ ಕ್ರಮದಲ್ಲಿ ಎಂಟು ಹತ್ತು ಸಲ ಹಾಕಿಕೊಳ್ಳಿ. ಸ್ಕೀ ಮಾಡಿ ಬಂದವರಿಗೆ ಈ ಹಂತ ಬಿಡುವಂತಿಲ್ಲ. ದಿನವಿಡೀ ತಣ್ಣಗಾದ ಪಾದದ ರಕ್ತನಾಳಗಳು ಮುದುಡಿರುತ್ತವೆ, ಅದೇ ನೀರು ಕಾಲಿಗೆ ಬೆಂಕಿಯಾಗಿ, ಕೈಗೆ ಹಿತವಾಗಿ ತೋರುತ್ತದೆ. ರಿಯೋಕಾನ್‌ನೊಳಗಿನ ನೀರು ಸಾಮಾನ್ಯವಾಗಿ 42 ಡಿಗ್ರಿಯ ಆಚೀಚೆ. ಬೀದಿಯ ಸ್ನಾನದ ಮನೆಗಳಲ್ಲಿ 45 ದಾಟಿದ್ದರೂ ಆಶ್ಚರ್ಯವಿಲ್ಲ. ಓಯುವಿನಲ್ಲಿ ಸುಡುವುದೊಂದು, ಸ್ವಲ್ಪ ತಣ್ಣಗಿನದೊಂದು ಎಂದು ಎರಡು ತೊಟ್ಟಿಗಳಿವೆ, ಮೊದಲ ಸಲದವರಿಗೆ ಎರಡನೆಯದು. ತಣ್ಣೀರಿನ ನಲ್ಲಿ ಇದ್ದರೆ ಒಳಗಿರುವವರನ್ನು ಕೇಳಿ, ನಿಮ್ಮ ಬದಿಯಲ್ಲಷ್ಟೇ ಬಿಟ್ಟುಕೊಂಡು, ಮರೆಯದೆ ನಿಲ್ಲಿಸಿ. ಆ ಬಿಸಿಗೆಂದೇ ಬಂದ ಊರಜ್ಜನ ತೊಟ್ಟಿಯನ್ನು ಉಗುರುಬೆಚ್ಚಗೆ ಮಾಡಿಟ್ಟು ಹೋಗುವುದು ದೊಡ್ಡ ಅಪರಾಧ.

ಮೊದಲ ಸುತ್ತು ಎರಡು ಮೂರು ನಿಮಿಷ ಸಾಕು. ಎದ್ದು ಅಂಚಿನಲ್ಲಿ ಕೂತು ತಣಿದು ಮತ್ತೆ ಇಳಿಯಿರಿ. ಟವೆಲ್ ನೀರಿಗೆ ತಾಗಬಾರದು, ಮಡಿಸಿ ತಲೆಯ ಮೇಲಿಡಿ. ಉದ್ದ ಕೂದಲನ್ನು ಎತ್ತಿ ಕಟ್ಟಿ. ತಲೆಸುತ್ತು ಬರುವುದು ತೊಟ್ಟಿಯಲ್ಲಿ ಕೂತಾಗಲ್ಲ, ತಟ್ಟನೆ ಎದ್ದಾಗ. ಬಿಸಿಗೆ ನಾಳಗಳು ಅಗಲಿಸಿರುತ್ತವೆ, ಸ್ಕೀಯಲ್ಲಿ ಬೆವರಿ ಮೈಯಲ್ಲಿ ನೀರೂ ಕಡಿಮೆ, ಎದ್ದಕೂಡಲೇ ರಕ್ತದೊತ್ತಡ ಇಳಿಯುತ್ತದೆ. ಇಳಿಯುವ ಮೊದಲು ಒಂದು ಲೋಟ ನೀರು, ಬಂದ ಮೇಲೆ ಇನ್ನೊಂದು. ಬಿಯರ್, ಸಾಕೆ ಎಂಬ ಅಕ್ಕಿಯ ಮದ್ಯ ಎಲ್ಲ ಸ್ನಾನದ ನಂತರ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಬಿದ್ದು ಮೊಣಕಾಲೋ ಮಣಿಕಟ್ಟೋ ಉಳುಕಿದ್ದರೆ ಮೊದಲ ಎರಡು ದಿನ ಬಿಸಿನೀರು ಬೇಡ, ಊತ ಹೆಚ್ಚುತ್ತದೆ. ಆ ದಿನಗಳಿಗೆ ಬೇಕಾದ ಔಷಧಿ ಕಿಟಕಿಯ ಹೊರಗೇ ರಾಶಿ ಬಿದ್ದಿದೆ. ಪ್ಲಾಸ್ಟಿಕ್ ಚೀಲಕ್ಕೆ ಹಿಮ ತುಂಬಿ, ಬಟ್ಟೆ ಸುತ್ತಿ, ಹದಿನೈದು ನಿಮಿಷ ಇಟ್ಟುಕೊಳ್ಳಿ.

ಕನ್ನಡ ಓದುಗರಿಗೆಂದೇ ಹೇಳಬೇಕಾದ್ದು ಬೆಳ್ಳಿಯ ಮಾತು. ಕಾಲುಂಗುರ, ಗೆಜ್ಜೆ, ಮಕ್ಕಳ ಬೆಳ್ಳಿ ಉಡಿದಾರ ಎಲ್ಲವೂ ಗಂಧಕದ ನೀರಿನಲ್ಲಿ ಕಪ್ಪಾಗುತ್ತವೆ. ಅಪ್ಪಟ ಚಿನ್ನಕ್ಕೆ ಏನೂ ಆಗದು, ಆದರೆ ಒಡವೆಯಲ್ಲಿ ಬೆರೆಸಿದ ತಾಮ್ರ, ಬೆಳ್ಳಿ ಮಾಸಬಹುದು. ಬಿಚ್ಚುವುದಾದರೆ ಸ್ನಾನಕ್ಕೆ ಮೊದಲೇ ಬಿಚ್ಚಿ, ಆಮೇಲೆ ಬೆರಳು ಉಬ್ಬಿ ಹೊರಬರುವುದಿಲ್ಲ. ಕಾಲುಂಗುರ ತೆಗೆಯಲು ಇಷ್ಟವಿಲ್ಲದವರು ಕಪ್ಪಾಗಲಿ ಎಂದು ಬಿಟ್ಟರೂ ಸರಿ: ಊರಿಗೆ ಮರಳಿ ಅಲ್ಯೂಮಿನಿಯಂ ಹಾಳೆ ಹಾಸಿದ ಪಾತ್ರೆಯಲ್ಲಿ ಬಿಸಿನೀರು, ಒಂದು ಚಮಚ ಅಡುಗೆ ಸೋಡಾ ಹಾಕಿ, ಬೆಳ್ಳಿ ಹಾಳೆಗೆ ತಾಗುವಂತೆ ಮುಳುಗಿಸಿದರೆ ಬಣ್ಣ ಮರಳುತ್ತದೆ. ಯಮಗಾತಾ ಪ್ರಾಂತ್ಯದ ಜಾವೊ ಒನ್ಸೆನ್‌ಗೆ ಹೋಗುವವರು ಮಾತ್ರ ಎಲ್ಲವನ್ನೂ ಬಿಚ್ಚಿಡಲೇಬೇಕು. ಅಲ್ಲಿನ ನೀರು ಗಂಧಕದ ಜೊತೆ ಆಮ್ಲವೂ ಹೌದು, ಪಿಎಚ್ 2ಕ್ಕೂ ಕೆಳಗೆ; ಕಣ್ಣಿಗೆ ತಾಗಿದರೆ ಉರಿ, ಮೈ ತರಚಿದ್ದರೆ ಇನ್ನೂ ಉರಿ. ಜಾವೊದಲ್ಲಿ ಕೊನೆಗೆ ಸಿಹಿನೀರು ಸುರಿದುಕೊಂಡು ಬನ್ನಿ. ನೊಜಾವಾದಲ್ಲಿ ಟವೆಲ್ ಹಿಂಡಿ ಮೈ ಒರೆಸಿಕೊಂಡರೆ ಸಾಕು.

ಊಟದ ಹೊತ್ತಿಗೆ ತಡವಾಗಿ ಬಂದರೆ ಏನಾಗುತ್ತದೆ? ಮದುವೆಮನೆಯ ಪಂಕ್ತಿಗೆ ಬಡಿಸಲು ಶುರುವಾದ ಮೇಲೆ ಬಂದಂತೆ. ನಿಮ್ಮ ಮುಂದಿನ ಸಣ್ಣ ಒಲೆಯಲ್ಲಿ ಮೇಣದಂಥ ಇಂಧನದ ಬಿಲ್ಲೆ ಇರುತ್ತದೆ, ಕೂತೊಡನೆ ಹೊತ್ತಿಸುತ್ತಾರೆ, ಅದು ಆರಿದಾಗ ಮೇಲಿನ ಬಾಣಲೆಯದು ಬೆಂದಿದೆ ಎಂದರ್ಥ. ಅದಕ್ಕೆ ಮೊದಲು ಮುಚ್ಚಳ ತೆಗೆಯಬೇಡಿ. ನೀವು ಉಣ್ಣುವ ಹೊತ್ತಿನಲ್ಲೇ ಕೆಲಸದವರು ಕೋಣೆಗೆ ಹೋಗಿ ಫುತೋನ್ ಎಂಬ ನೆಲಹಾಸಿಗೆ ಹಾಸಿ ಬರುತ್ತಾರೆ. ಒಬ್ಬರು ತಡ ಮಾಡಿದರೆ ಅಡುಗೆಮನೆ, ಹಾಸಿಗೆ, ಅವರು ಮನೆಗೆ ಹೋಗುವ ಹೊತ್ತು ಎಲ್ಲವೂ ಜಾರುತ್ತವೆ. ಆಗದಿದ್ದರೆ ಫೋನ್ ಮಾಡಿ ತಿಳಿಸಿ.

ಸಸ್ಯಾಹಾರಿಗಳಿಗೆ ಇಲ್ಲಿ ನಿಜವಾದ ಕಷ್ಟವಿದೆ, ಸಿಹಿಮಾತಿನಿಂದ ಅದನ್ನು ಮುಚ್ಚುವುದರಲ್ಲಿ ಅರ್ಥವಿಲ್ಲ. ಮೀನಿನ ತುಂಡು ಎತ್ತಿಟ್ಟರೆ ಉಳಿದದ್ದು ಸಸ್ಯಾಹಾರ ಆಗುವುದಿಲ್ಲ. ಅಡುಗೆಯ ತಳಹದಿಯಾದ ದಾಶಿ ಎಂಬ ಸಾರವನ್ನು ಹೊಗೆ ಹಾಕಿ ಒಣಗಿಸಿ ತೆಳ್ಳಗೆ ಹೆರೆದ ಕತ್ಸುಒ ಮೀನಿನಿಂದ ತೆಗೆಯುತ್ತಾರೆ. ಅದು ಹುದುಗಿಸಿದ ಸೋಯಾ ಹಿಟ್ಟಿನ ಮಿಸೊ ಸಾರಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ಬಜ್ಜಿಯಂಥ ತೆಂಪುರಾದ ಅದ್ದಿಕೊಳ್ಳುವ ರಸದಲ್ಲಿ, ನಗಾನೊದ ಹೆಮ್ಮೆಯ ಸೋಬಾ ಶಾವಿಗೆಯ ರಸದಲ್ಲಿ ಇದೆ. ತಿಂಡಿಯ ಜೊತೆ ಬರುವ ಮಸಾಲೆ ಸವರಿದ ನೋರಿ ಎಂಬ ಕಡಲಪಾಚಿಯ ಹಾಳೆ, ನತ್ತೊ ಎಂಬ ಹುದುಗಿಸಿದ ಸೋಯಾ ಕಾಳಿನ ಪೊಟ್ಟಣದ ರಸ, ಅಂಗಡಿಯಲ್ಲಿ ಸಿಗುವ ನೊಜಾವಾನಾ ಸೊಪ್ಪಿನ ಉಪ್ಪಿನಕಾಯಿ, ಇವುಗಳಲ್ಲೂ ಮೀನಿನ ಸಾರ ಇರುವುದುಂಟು. ಆದ್ದರಿಂದ 'ವೆಜಿಟೇರಿಯನ್' ಎಂದಷ್ಟೇ ಬರೆದರೆ ಮೀನಿನ ಸಾರಿನಲ್ಲಿ ಬೆಂದ ಕುಂಬಳಕಾಯಿ ಬರುತ್ತದೆ, ಅವರ ತಪ್ಪೂ ಅಲ್ಲ. ಮಾಂಸ, ಮೀನು, ಕತ್ಸುಒ ದಾಶಿ ಬೇಡ. ಕೊಂಬು ಕಡಲಪಾಚಿ ಮತ್ತು ಶಿಟಾಕೆ ಅಣಬೆಯ ದಾಶಿ ಆಗಬಹುದು. ಮೊಟ್ಟೆ, ಹಾಲು ಆಗುತ್ತದೋ ಇಲ್ಲವೋ, ಈರುಳ್ಳಿ ಬೆಳ್ಳುಳ್ಳಿ ಆಗುತ್ತದೋ ಇಲ್ಲವೋ ಎಂದು ಜಪಾನಿಯಲ್ಲಿ ಬರೆಸಿ, ಕಾಯ್ದಿರಿಸುವ ಮೊದಲೇ ಕಳಿಸಿ. ಸಾಮಾನು ಮುಂಚೆಯೇ ತರಿಸುತ್ತಾರೆ, ದಾಶಿಯನ್ನು ಎಲ್ಲರಿಗೂ ಒಟ್ಟಿಗೇ ಕಾಯಿಸುತ್ತಾರೆ. ಸಂಜೆ ಐದಕ್ಕೆ ಹೇಳಿದರೆ ಮಾಡಲಾಗದು. ಬೌದ್ಧ ಮಠಗಳ ಶೋಜಿನ್ ಪದ್ಧತಿಯ ಅಡುಗೆ ಗೊತ್ತಿರುವ ಮನೆಯವರು ಒಪ್ಪಬಹುದು. ಆಗುವುದಿಲ್ಲ ಎಂದರೆ ಅದು ಒರಟುತನವಲ್ಲ, ಪ್ರಾಮಾಣಿಕ ಉತ್ತರ; ಊಟವಿಲ್ಲದ ದರದಲ್ಲಿ ಉಳಿದುಕೊಳ್ಳಿ. ಬಿಳಿ ಅನ್ನ, ತೋಫು, ಅಲಸಂದೆಯ ಜಾತಿಯ ಅಜುಕಿಯ ಸಿಹಿ ಹೂರಣ ತುಂಬಿದ ಕಡುಬಿನಂಥ ಒಯಾಕಿ, ಜೊತೆಗೆ ಊರಿಂದ ತಂದ ಚಟ್ನಿಪುಡಿ. ಸ್ಕೀ ದಿನಗಳು ಇದರಲ್ಲಿ ಕಳೆಯುತ್ತವೆ. ಕೋಣೆಯಲ್ಲಿ ಒಗ್ಗರಣೆ ಹಾಕುವ ಯೋಚನೆ ಮಾತ್ರ ಬೇಡ.

ಸ್ಕೀಯ ಬಗ್ಗೆ ಒಂದೆರಡು ಮಾತು ಸಾಕು. ಒಳ್ಳೆಯ ಹಿಮ ಮೇಲ್ತುದಿಯ ಯಮಾಬಿಕೊ ಕಡೆ. ತಳದ ಹಿಮ ಮಾರ್ಚ್ ಬಂತೆಂದರೆ ಮಧ್ಯಾಹ್ನಕ್ಕೇ ಒದ್ದೆ. ಹೊಸಬರಿಗೆ ನಡುಮಟ್ಟದ ಉಎನೊತೈರಾ ಅಗಲವಾಗಿ, ನಿಧಾನವಾಗಿ ಇಳಿಯುತ್ತದೆ. ನಾಲ್ಕು ಗಂಟೆಗೆ ಎಲ್ಲರೂ ಒಟ್ಟಿಗೆ ಊರಿಗೆ ಇಳಿಯುವಾಗ ಕೆಳಗಿನ ಇಕ್ಕಟ್ಟಿನ ಹಾದಿಯಲ್ಲಿ ಡಿಕ್ಕಿಗಳು ಹೆಚ್ಚು. ರಿಯೋಕಾನ್‌ನ ಗಡಿಯಾರ ಇಲ್ಲಿ ನೆರವಿಗೆ ಬರುತ್ತದೆ: ಮೂರಕ್ಕೇ ಇಳಿದರೆ ದಾರಿ ಖಾಲಿ, ಒಣಗಿಸುವ ಕೋಣೆಯಲ್ಲಿ ಜಾಗ, ತೊಟ್ಟಿಯಲ್ಲೂ ಜಾಗ. ಹಗ್ಗ ಕಟ್ಟಿದ ಗಡಿ ದಾಟಿ ಕಾಡಿಗೆ ಇಳಿಯಬೇಡಿ. ಮರದ ಬುಡದ ಸುತ್ತ ಸಡಿಲ ಹಿಮದ ಗುಂಡಿಗಳಿರುತ್ತವೆ, ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದುಬರಲಾಗದು. ಹುಡುಕಿಸುವ ಖರ್ಚೂ ನಿಮ್ಮ ಮೇಲೆ ಬೀಳುತ್ತದೆ. ಪ್ರಯಾಣ ವಿಮೆಯಲ್ಲಿ ಚಳಿಗಾಲದ ಕ್ರೀಡೆ ಸೇರಿದೆಯೇ ಎಂದು ಬೆಂಗಳೂರಿನಲ್ಲೇ ಓದಿ ನೋಡಿ, ಅಗ್ಗದ ಪಾಲಿಸಿಗಳು ಅದನ್ನು ಹೊರಗಿಡುವುದುಂಟು.

ಊರೊಳಗೆ ಓಡಾಡುವಾಗ ನೀರು ಹೀರದ, ತಳ ಗಟ್ಟಿಯಿರುವ ಶೂ ಬೇಕು. ಸೂರಿನಂಚಿನ ಕೆಳಗೆ ನಡೆಯಬೇಡಿ, ಮಾಡಿನ ಹಿಮ ಸದ್ದಿಲ್ಲದೆ ಒಮ್ಮೆಗೇ ಜಾರುತ್ತದೆ. ಜನವರಿ 15ರ ಸಂಜೆ ದೋಸೊಜಿನ್ ಬೆಂಕಿಹಬ್ಬ. ಊರವರು ಕಟ್ಟಿದ ಮರದ ಗುಡಿಯ ಮೇಲೆ 42ರ ವಯಸ್ಸಿನ ಗಂಡಸರು ಕೂತಿರುತ್ತಾರೆ, ಬುಡದಲ್ಲಿ 25ರವರು ಕಾಯುತ್ತಾರೆ, ಉಳಿದವರು ಪಂಜು ಹಿಡಿದು ಸುಡಲು ನುಗ್ಗುತ್ತಾರೆ. ನೋಡಬೇಕೆಂದರೆ ಕೋಣೆಯನ್ನು ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು, ಕಿಡಿ ಹಾರುವುದರಿಂದ ಒಳ್ಳೆಯ ಸ್ಕೀ ಜಾಕೆಟ್ ಹಾಕಿಕೊಂಡು ಮುಂದೆ ನಿಲ್ಲಬಾರದು.

ಹೊರಡುವ ದಿನ ಹತ್ತಕ್ಕೆ ಲೆಕ್ಕ ಮುಗಿಸಿ, ಚೀಲಗಳನ್ನು ಅಲ್ಲೇ ಬಿಟ್ಟು ಸ್ಕೀಗೆ ಹೋಗಬಹುದು. ಒದ್ದೆ ಬಟ್ಟೆ ಬದಲಿಸಲು ಕೋಣೆ ಇರುವುದಿಲ್ಲ ಎಂಬುದು ನೆನಪಿರಲಿ. ಒಣ ಬಟ್ಟೆ, ಸಣ್ಣ ಟವೆಲ್, ಪ್ಲಾಸ್ಟಿಕ್ ಚೀಲ ಒಂದನ್ನು ಮೇಲುಗಡೆಯೇ ಇಟ್ಟಿರಿ. ಒಂದು ಗಂಟೆಗೆ ಇಳಿದು, ಬೀದಿಯ ಸ್ನಾನದ ಮನೆಯಲ್ಲಿ ಮಿಂದು, ಬಟ್ಟೆ ಬದಲಿಸಿ, ಮೂರರ ಬಸ್ಸು ಹಿಡಿಯಬಹುದು. ಸ್ಕೀ ಚೀಲವನ್ನು ತಕ್ಯೂಬಿನ್‌ನಲ್ಲಿ ವಿಮಾನ ನಿಲ್ದಾಣಕ್ಕೆ ಕಳಿಸುವುದಾದರೆ ವಿಮಾನಕ್ಕೆ ಎರಡು ದಿನ ಮೊದಲೇ ಕೊಟ್ಟಿರಬೇಕು. ಅಂದರೆ ಕೊನೆಯ ದಿನದ ಸ್ಕೀ ಬಾಡಿಗೆಯದು.